ಬೇಸ್ ಗಿಟಾರಿಗೆ ಎರಡು ಆಂಪ್, ಎರಡು ಕ್ಯಾಬ್: ಪದೇ ಪದೇ ಕೇಳೋ ಪ್ರಶ್ನೆಗಳು

ಹಗಲು ತೋಟದ ಕೆಲಸ, ಸೀಸನ್ನಲ್ಲಿ ರಾತ್ರಿ ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆ ಮದುವೆ ರಿಸೆಪ್ಷನ್ನು, ಹೋಮ್‌ಸ್ಟೇ ಪಾರ್ಟಿ ಅಂತ ಬ್ಯಾಂಡಲ್ಲಿ ಬೇಸ್ ನುಡಿಸೋದು, ಇಷ್ಟೇ ನನ್ನ ಕಥೆ. ಸ್ಟೇಜ್ ಮೇಲೆ ನನ್ನ ಬೆನ್ನ ಹಿಂದೆ ಎರಡು ಆಂಪು (ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್), ಎರಡು ಕ್ಯಾಬು (ಸ್ಪೀಕರ್ ಇರೋ ಡಬ್ಬ) ಕಂಡ ತಕ್ಷಣ ಯಾರಾದ್ರೂ ಒಬ್ಬ ಹುಡುಗ ಬಂದು ನಿಂತ್ಕೊಳ್ತಾನೆ, ಅಣ್ಣ ಇದ್ಯಾಕೆ ಎರಡು ಅಂತ ಶುರು ಮಾಡ್ತಾನೆ, ನಾನು ವೈರು ಸುತ್ತಿ ಮುಗಿಸೋ ತನಕ ಬಿಡಲ್ಲ. ಹೇಳಿದ್ದನ್ನೇ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಬರೆದಿಡ್ತಾ ಇದೀನಿ.

ಎರಡು ಆಂಪ್ ಹಾಕಿದ್ರೆ ಸೌಂಡ್ ಡಬಲ್ ಆಗುತ್ತಾ ಅಣ್ಣ?

ಆಗಲ್ಲ. ವ್ಯಾಟ್ ಎರಡು ಪಟ್ಟು ಆದ್ರೆ ಏರೋದು 3 ಡೆಸಿಬಲ್ ಮಾತ್ರ, ಕಿವಿಗೆ "ಹ್ಞಾಂ, ಸ್ವಲ್ಪ ಜಾಸ್ತಿ ಆಯ್ತು" ಅನ್ಸುತ್ತೆ ಅಷ್ಟೆ. ಡಬಲ್ ಅಂತ ಅನ್ನಿಸ್ಬೇಕಾದ್ರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್. ಎರಡು ಕ್ಯಾಬ್ ಅಂಟಿಸಿ ಇಟ್ಟು ಎರಡಕ್ಕೂ ಒಂದೇ ಸಿಗ್ನಲ್ ಕೊಟ್ರೆ ತಗ್ಗಿನ ಸ್ವರಗಳಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು 6 ಡೆಸಿಬಲ್ ತನಕ ಸಿಗುತ್ತೆ, ಅದು ಒಳ್ಳೇದೇ. ಆದ್ರೆ ಬರೀ ಜೋರು ಬೇಕು ಅನ್ನೋನು ಇರೋ ಆಂಪಿಗೇ ಇನ್ನೊಂದು ಕ್ಯಾಬ್ ಹಾಕ್ಲಿ, ಎರಡನೇ ಆಂಪ್ ಬೇಡ.

ಮತ್ತೆ ಯಾಕೆ ಈ ತಾಪತ್ರಯ?

ಕೆಲಸ ಹಂಚೋಕೆ. ಬೇಸ್ ಗಿಟಾರಿಗೆ ಓವರ್‌ಡ್ರೈವೋ ಫಝ್ಝೋ, ಅಂದ್ರೆ ಸೌಂಡನ್ನ ಒಡೆಸಿ ಗರಗರ ಮಾಡೋ ಪೆಡಲ್ ಹಾಕಿ ನೋಡಿದೋರಿಗೆ ಗೊತ್ತು, ಗರ್ರ್ ಅಂತ ಚೆನ್ನಾಗಿ ಬರುತ್ತೆ, ಆದ್ರೆ ಹೊಟ್ಟೆ, ಅಂದ್ರೆ ತಗ್ಗಿನ ತುಂಬು ಸೌಂಡು, ಹೋಗ್ಬಿಡುತ್ತೆ, ಡ್ರಮ್ಮಿನವನು ತಿರುಗಿ ನೋಡ್ತಾನೆ ಎಲ್ಲೋದೆ ನೀನು ಅಂತ. ದಪ್ಪ ತಂತಿನ ಬೆರಳು ಒತ್ತದೆ ಹಾಗೇ ಹೊಡೆದ್ರೆ 41 ಹರ್ಟ್ಜ್ (ಸೆಕೆಂಡಿಗೆ 41 ಸಲ ಅದುರೋದು), ಐದು ತಂತಿಯ ಬೇಸಾದ್ರೆ ಕೆಳಗಿನ ಬಿ 31 ಹರ್ಟ್ಜ್. ಇಂಥ ತಗ್ಗಿನ ಅಲೆ ಆಂಪ್ ಒಳಗೆ ತುಂಬಾ ದೊಡ್ಡದಾಗಿ ಏಳುತ್ತೆ, ಡ್ರೈವ್ ಏರಿಸಿದಾಗ ಮೊದ್ಲು ತಲೆ ಕತ್ತರಿಸ್ಕೊಳ್ಳೋದೇ ಅದು, ಅದರ ಜೊತೆಗೆ ಮೇಲಿನ ಸ್ವರಗಳೂ ಕಲಸಿ ರಾಡಿ ಆಗ್ತವೆ. ಅದಕ್ಕೆ ಏನ್ ಮಾಡೋದು ಅಂದ್ರೆ ಒಂದು ಆಂಪನ್ನ ಕ್ಲೀನಾಗಿ ಬಿಟ್ಟುಬಿಡೋದು, ಅದಕ್ಕೆ ಹೊಟ್ಟೆ ಹೊರೋ ಕೆಲಸ ಮಾತ್ರ, ಇನ್ನೊಂದ್ರಲ್ಲಿ ಏನು ಬೇಕಾದ್ರೂ ಗಲಾಟೆ ಮಾಡ್ಕೊಳ್ಳಿ, ಡ್ರೈವ್, ಕೋರಸ್, ವಾ, ಯಾವ ಎಫೆಕ್ಟ್ ಆದ್ರೂ. ಕೇಳೋರಿಗೆ ಎರಡೂ ಸೇರಿ ಒಂದೇ ಬೇಸ್.

ನಮ್ಮ ಬ್ಯಾಂಡಲ್ಲಿ ಒಬ್ಬನೇ ಗಿಟಾರಿಸ್ಟ್. ಅವನು ಸೋಲೋ ಶುರು ಮಾಡಿದ ಕ್ಷಣ ಹಿಂದೆ ದೊಡ್ಡ ಗುಂಡಿ ಬೀಳ್ತಿತ್ತು, ಎರಡನೇ ಆಂಪ್ ಬಂದಿದ್ದು ಆ ಗುಂಡಿ ಮುಚ್ಚೋಕೆ.

ದೊಡ್ಡೋರು ಯಾರಾದ್ರೂ ಹೀಗೆ ಮಾಡ್ತಾರಾ?

ಅರವತ್ತು ಎಪ್ಪತ್ತರ ದಶಕದಿಂದ ಮಾಡ್ತಿದಾರೆ. ದ ಹೂ ಅನ್ನೋ ಬ್ರಿಟಿಷ್ ಬ್ಯಾಂಡಿನ ಬೇಸಿಸ್ಟ್ ಜಾನ್ ಎಂಟ್ವಿಸಲ್ ತಗ್ಗು ಎತ್ತರ ಬೇರೆ ಮಾಡಿ ಬೇರೆ ಬೇರೆ ಆಂಪಿಗೆ ಕಳಿಸ್ತಿದ್ದ. ರಿಕನ್‌ಬ್ಯಾಕರ್ ಬೇಸುಗಳಲ್ಲಿ ರಿಕ್-ಓ-ಸೌಂಡ್ ಅಂತ ಒಂದು ಎಕ್ಸ್‌ಟ್ರಾ ಜ್ಯಾಕ್ ಬರುತ್ತೆ, ಕುತ್ತಿಗೆ ಹತ್ರದ ಪಿಕಪ್ (ತಂತಿ ಅದುರೋದನ್ನ ಸಿಗ್ನಲ್ ಮಾಡೋದು) ಒಂದು ಕಡೆ, ಬ್ರಿಡ್ಜ್ ಹತ್ರದ್ದು ಇನ್ನೊಂದು ಕಡೆ, ಗಿಟಾರಿಂದಾನೇ ಎರಡಾಗಿ ಬರುತ್ತೆ. ಬಿಲ್ಲಿ ಶೀಹಾನ್ ಅನ್ನೋ ಬೇಸಿಸ್ಟಿನ ಯಮಹಾ ಆಟಿಟ್ಯೂಡ್ ಬೇಸಲ್ಲೂ ಎರಡು ಔಟ್‌ಪುಟ್, ಒಂದು ತಗ್ಗಿಗೆ, ಒಂದು ಗಲಾಟೆಗೆ. ಈಗಿನೋರಲ್ಲಿ ರಾಯಲ್ ಬ್ಲಡ್ ಅನ್ನೋ ಬ್ಯಾಂಡ್ ಕೇಳಿ, ಇರೋದೇ ಇಬ್ಬರು, ಒಬ್ಬ ಡ್ರಮ್ಸ್ ಒಬ್ಬ ಬೇಸ್, ಆದ್ರೂ ಗಿಟಾರ್ ಇದೆ ಅಂತಾನೇ ಅನ್ಸುತ್ತೆ. ಆ ಬೇಸನ್ನ ಬೇಸ್ ಆಂಪಿಗೂ ಗಿಟಾರ್ ಆಂಪಿಗೂ ಹಂಚಿರೋದು ಅದಕ್ಕೆ ಒಂದು ಕಾರಣ.

ಬೈ-ಆಂಪ್ ಅಂತಾರಲ್ಲ, ಅದೂ ಇದೂ ಒಂದೇನಾ?

ಒಂದೇ ಅಲ್ಲ, ಆದ್ರೆ ಅಣ್ಣತಮ್ಮಂದಿರು. ಪೂರ್ತಿ ಸಿಗ್ನಲ್ಲನ್ನ ಹಾಗೇ ಎರಡು ಆಂಪಿಗೂ ಕೊಟ್ರೆ ಅದು ಸುಮ್ನೆ ಎರಡು ಆಂಪ್ ಸೆಟಪ್. ಮಧ್ಯೆ ಕ್ರಾಸ್‌ಓವರ್ ಇಟ್ಟು, ಇಷ್ಟು ಹರ್ಟ್ಜಿಂದ ಕೆಳಗಿಂದು ಆ ಕಡೆ, ಮೇಲಿಂದು ಈ ಕಡೆ ಅಂತ ಪಾಲು ಮಾಡಿದ್ರೆ ಬೈ-ಆಂಪ್. ಬೇಸಲ್ಲಿ ಆ ಗೆರೆ ಸಾಮಾನ್ಯವಾಗಿ 100ರಿಂದ 250 ಹರ್ಟ್ಜ್ ಒಳಗೆ ಎಳೀತಾರೆ.

ನಾನು ಮಾಡೋದು ಎರಡರ ನಡುವಿನ ದಾರಿ, ಕ್ಲೀನ್ ಆಂಪಿಗೆ ಪೂರ್ತಿ ಸಿಗ್ನಲ್, ಕೊಳಕು ಆಂಪಿಗೆ, ಅಂದ್ರೆ ಡ್ರೈವ್ ಹಾಕಿದ್ದಕ್ಕೆ, ಹೋಗೋ ಲೈನಲ್ಲಿ ಮಾತ್ರ ಡ್ರೈವ್ ಪೆಡಲಿಗಿಂತ ಮುಂಚೆ ತಗ್ಗು ಕತ್ತರಿಸೋದು, 150 ಆಸುಪಾಸು. ಪೂರ್ತಿ ಪಾಲು ಮಾಡೋದು ಪುಸ್ತಕದಲ್ಲಿ ಚೆಂದ, ಆದ್ರೆ ಗೆರೆ ಇರೋ ಜಾಗದಲ್ಲೇ ಬರೋ ಸ್ವರಗಳು ಒಮ್ಮೆ ದಪ್ಪ ಒಮ್ಮೆ ತೆಳ್ಳಗೆ ಕೇಳ್ತವೆ, ನಂಗೆ ಹಿಡಿಸ್ಲಿಲ್ಲ.

ಸಿಗ್ನಲ್ ಎರಡು ಮಾಡೋಕೆ ಅಂಗಡಿಯಲ್ಲಿ ಸಿಗೋ ವೈ ವೈರ್ ಸಾಕಾ?

ಟ್ರೈ ಮಾಡೋಕೆ ಸಾಕು. ಏನೂ ಸುಡಲ್ಲ. ಆದ್ರೆ ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸಾದ್ರೆ ಪಿಕಪ್ಪಿಗೆ ಭಾರ ಆಗುತ್ತೆ, ಒಂದೊಂದು ಆಂಪಿನ ಇನ್‌ಪುಟ್ ತಡೆ (ಇಂಪೀಡೆನ್ಸ್) 1 ಮೆಗಾ ಓಮ್ ಅಂದ್ಕೊಳ್ಳಿ, ಎರಡು ಸೇರಿದ್ರೆ 500 ಕಿಲೋ ಓಮ್, ಮೇಲಿನ ಚುರುಕು ಸ್ವಲ್ಪ ಮಂಕಾಗುತ್ತೆ. ಬ್ಯಾಟರಿ ಇರೋ ಆಕ್ಟಿವ್ ಬೇಸಾದ್ರೆ, ಅಥವಾ ವೈ ವೈರಿಗಿಂತ ಮುಂಚೆ ಯಾವುದಾದ್ರೂ ಬಫರ್ (ಪಿಕಪ್ಪಿನ ಭಾರ ತಾನು ಹೊರೋ ಸರ್ಕ್ಯೂಟು) ಇರೋ ಪೆಡಲ್ ಆನ್ ಇದ್ರೆ ಈ ತೊಂದ್ರೆ ಇಲ್ಲ. ಕೆಲವು ಆಂಪಲ್ಲಿ ಟ್ಯೂನರ್ ಔಟ್ ಇರುತ್ತೆ, ಅಲ್ಲಿಂದ ಎರಡನೇ ಆಂಪಿಗೆ ಎಳೆದ್ರೂ ನಡೆಯುತ್ತೆ.

ಖರ್ಚು ಮಾಡೋದಾದ್ರೆ ಎಬಿವೈ ಬಾಕ್ಸ್ (ಸಿಗ್ನಲ್ಲನ್ನ ಆ ಆಂಪಿಗೆ, ಈ ಆಂಪಿಗೆ ಇಲ್ಲಾ ಎರಡಕ್ಕೂ ಕಳಿಸೋ ಡಬ್ಬ) ತಗೊಳ್ಳಿ, ಅದೂ ಒಂದು ಕಡೆಗೆ ಟ್ರಾನ್ಸ್‌ಫಾರ್ಮರ್ ಐಸೊಲೇಷನ್ ಇರೋದು, ಜೊತೆಗೆ ಫೇಸ್ ತಿರುಗಿಸೋ ಸ್ವಿಚ್ ಇರೋದು. ಈ ಎರಡು ಯಾಕೆ ಅಂತ ಮುಂದೆ ಹೇಳ್ತೀನಿ, ನನ್ನ ಕೇಳಿದ್ರೆ ಇಡೀ ಸೆಟಪ್ಪಲ್ಲಿ ದುಡ್ಡು ಹಾಕ್ಬೇಕಾದ ಜಾಗ ಇದೊಂದೇ.

ಇನ್ನೊಂದು, ವೈ ವೈರ್ ಹಂಚೋಕೆ ಮಾತ್ರ, ಎರಡು ಔಟ್‌ಪುಟ್ ಸೇರಿಸಿ ಒಂದು ಮಾಡೋಕೆ ಅಲ್ಲ. ಎರಡು ಆಂಪಿನ ಸ್ಪೀಕರ್ ಔಟ್ ತಂದು ಒಂದೇ ಕ್ಯಾಬಿಗೆ ಚುಚ್ಚೋ ಯೋಚನೆ ಯಾರಿಗಾದ್ರೂ ಬಂದಿದ್ರೆ ಇವತ್ತೇ ಬಿಟ್ಟುಬಿಡಿ, ಎರಡೂ ಆಂಪ್ ಒಂದನ್ನೊಂದು ಸುಟ್ಕೊಳ್ತವೆ.

ಒಂದೊಂದೇ ಹಾಕಿದ್ರೆ ಸೂಪರ್, ಎರಡೂ ಆನ್ ಮಾಡಿದ್ರೆ ಬೇಸೇ ಮಾಯ. ಯಾಕೆ?

ಇದು ನಂಬರ್ ಒನ್ ಪ್ರಶ್ನೆ, ನಾನೂ ಒಂದು ಇಡೀ ರಿಸೆಪ್ಷನ್ ಇದರಲ್ಲೇ ಕಳೆದಿದೀನಿ. ಹೊಸ ಆಂಪ್ ತಂದ ಖುಷೀಲಿ ಮನೇಲಿ ಚೆಕ್ ಮಾಡಿದ್ದು ಒಂದೊಂದನ್ನೇ, ಸ್ಟೇಜಲ್ಲಿ ಎರಡೂ ಒಟ್ಟಿಗೆ ಹಾಕಿದ್ರೆ ಬರೀ ಟಕ ಟಕ ಅಂತ ತಂತಿ ಶಬ್ದ, ಹೊಟ್ಟೆ ಇಲ್ಲ. ನಾನು ಬೇಸ್ ನಾಬ್ ಏರಿಸ್ತಾ ಹೋದೆ, ಏರಿಸಿದಷ್ಟೂ ಇಲ್ಲ. ಊಟಕ್ಕೆ ಹೋದಾಗ ನಮ್ಮ ಗಿಟಾರಿಸ್ಟು ತಮಾಷೆಗೆ ಒಂದು ಆಂಪ್ ಮ್ಯೂಟ್ ಮಾಡಿ ನುಡಿಸಿದ, ಮಂಟಪದ ಕಿಟಕಿ ನಡುಗಿತು. ಒಂದು ಆಂಪ್ ತೆಗೆದ್ರೆ ಸೌಂಡ್ ಜಾಸ್ತಿ ಆಗುತ್ತೆ ಅಂದ್ರೆ ಕಳ್ಳ ಯಾರು ಅಂತ ಗೊತ್ತಾಯ್ತಲ್ಲ, ಪೋಲಾರಿಟಿ.

ಏನಾಗಿರುತ್ತೆ ಅಂದ್ರೆ ಒಂದು ಕ್ಯಾಬಿನ ಕೋನ್ ಮುಂದೆ ತಳ್ಳೋವಾಗ ಇನ್ನೊಂದ್ರದ್ದು ಹಿಂದೆ ಎಳೀತಿರುತ್ತೆ. ಒಬ್ಬ ಬಕೆಟಿಗೆ ನೀರು ಹಾಕೋದು ಇನ್ನೊಬ್ಬ ಮೊಗೆದು ಚೆಲ್ಲೋದು, ಹಾಗೆ. ತಗ್ಗಿನ ಅಲೆ ಮೀಟರುಗಟ್ಟಲೆ ಉದ್ದ, ದಪ್ಪ ತಂತಿದು ಎಂಟು ಮೀಟರ್ ಮೇಲೆ, ಅಕ್ಕಪಕ್ಕ ಇಟ್ಟ ಎರಡು ಕ್ಯಾಬಿಗೆ ಅಷ್ಟು ಉದ್ದದ ಅಲೆ ಒಂದನ್ನೊಂದು ನುಂಗಿಹಾಕೋದು ಸುಲಭ. ಮೇಲಿನ ಸ್ವರಗಳ ಅಲೆ ಗಿಡ್ಡ, ಅದು ಅಷ್ಟು ನೀಟಾಗಿ ಕಳೆದುಹೋಗಲ್ಲ, ಅದಕ್ಕೇ ಟಕ ಟಕ ಉಳಿಯೋದು.

ಕ್ಯಾಬ್ ಒಳಗೆ ಪ್ಲಸ್ ಮೈನಸ್ ತಿರುಗಿರಬಹುದು, ಯಾರೋ ಸೇಡು ತೀರಿಸ್ಕೊಂಡ ಹಾಗೆ ವೈರನ್ನೇ ಉಲ್ಟಾ ಬೆಸುಗೆ ಹಾಕಿರಬಹುದು. ಏನೂ ತಪ್ಪಿಲ್ಲದಿದ್ರೂ ಕೆಲವು ಆಂಪುಗಳು, ಕೆಲವು ಪೆಡಲುಗಳು ಸರ್ಕ್ಯೂಟಲ್ಲೇ ಸಿಗ್ನಲ್ಲನ್ನ ತಲೆಕೆಳಗು ಮಾಡ್ತವೆ. ಒಂದೇ ಆಂಪ್ ಇದ್ದಾಗ ಕಿವಿಗೆ ಗೊತ್ತೇ ಆಗಲ್ಲ.

ಕ್ಯಾಬ್ ಚೆಕ್ ಮಾಡೋಕೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಆಂಪಿಂದ ವೈರ್ ಕಿತ್ತು, ಕ್ಯಾಬಿಗೆ ಹೋಗೋ ವೈರಿನ ಜ್ಯಾಕ್ ಕೈಯಲ್ಲಿ ಹಿಡ್ಕೊಳ್ಳಿ, ತುದಿಗೆ ಸೆಲ್ಲಿನ ಪ್ಲಸ್, ಕೆಳಗಿನ ಉದ್ದ ಭಾಗಕ್ಕೆ ಒಂದು ಚೂರು ವೈರಲ್ಲಿ ಮೈನಸ್, ಕ್ಷಣ ಮುಟ್ಟಿಸಿ ತೆಗೀರಿ. ಟಪ್ ಅಂತ ಕೋನ್ ನಿಮ್ಮ ಕಡೆ ಬಂದ್ರೆ ಸರಿ ಇದೆ, ಒಳಗೆ ಹೋದ್ರೆ ಉಲ್ಟಾ. ಮುಂದೆ ಜಾಲರಿ ಇದ್ರೆ ಟಾರ್ಚ್ ಬಿಟ್ಕೊಂಡು ನೋಡ್ಬೇಕು, ಇಲ್ಲಾಂದ್ರೆ ಮೆತ್ತಗೆ ಬೆರಳಿಟ್ಟು ನೋಡಿ. ಎರಡೂ ಕ್ಯಾಬ್ ಸರಿ ಇದ್ದೂ ಬೇಸ್ ಮಾಯ ಆಗ್ತಿದ್ರೆ ಆಂಪೋ ಪೆಡಲೋ ತಿರುಗಿಸ್ತಿದೆ ಅಂತ ಅರ್ಥ, ಆಗ ಬಾಕ್ಸಿನ ಫೇಸ್ ಸ್ವಿಚ್ ಒತ್ತಿ. ಎರಡೂ ಸಮ ವಾಲ್ಯೂಮಲ್ಲಿಟ್ಟು, ದಪ್ಪ ತಂತಿ ಹೊಡೀತಾ ಸ್ವಿಚ್ ಆಕಡೆ ಈಕಡೆ ಮಾಡಿ, ಯಾವ ಕಡೆ ಹೊಟ್ಟೆ ತುಂಬಿ ಬರುತ್ತೋ ಅದೇ ಸರಿ, ಮೀಟರ್ ಗೀಟರ್ ಬೇಡ.

ಫೇಸ್ ಸ್ವಿಚ್ ಎರಡು ಕಡೆ ಹಾಕಿದ್ರೂ ಏನೋ ಟೊಳ್ಳು ಟೊಳ್ಳು ಕೇಳುತ್ತೆ?

ಒಂದು ಲೈನಲ್ಲಿ ಡಿಜಿಟಲ್ ಪೆಡಲ್ ಇದೆಯಾ? ಡಿಜಿಟಲ್ ಡಬ್ಬ ಯಾವುದಾದ್ರೂ ಸಿಗ್ನಲ್ಲನ್ನ ಒಳಗೆ ತಗೊಂಡು ಲೆಕ್ಕ ಮಾಡಿ ಹೊರಗೆ ಬಿಡೋಕೆ ಒಂದೆರಡು ಮಿಲಿಸೆಕೆಂಡ್ ತಗೊಳ್ಳುತ್ತೆ. ಒಂದೇ ಆಂಪಾದ್ರೆ ಗೊತ್ತಾಗಲ್ಲ, ಎರಡಿದ್ದು ಒಂದು ಮಾತ್ರ ತಡವಾಗಿ ಬಂದ್ರೆ ಕೆಲವು ಸ್ವರ ಕಳೆಯುತ್ತೆ ಕೆಲವು ಕೂಡುತ್ತೆ. 2 ಮಿಲಿಸೆಕೆಂಡ್ ವ್ಯತ್ಯಾಸಕ್ಕೆ ಮೊದಲ ಗುಂಡಿ ಬೀಳೋದು 250 ಹರ್ಟ್ಜಲ್ಲಿ, ಸರಿಯಾಗಿ ಬೇಸಿನ ಎದೆ ಇರೋ ಜಾಗ, ಆಮೇಲೆ 750, 1250 ಹೀಗೆ ಬಾಚಣಿಗೆ ಹಲ್ಲಿನ ಥರ. ಪರಿಹಾರ ಏನಪ್ಪಾ ಅಂದ್ರೆ ಒಂದೋ ಡಿಜಿಟಲ್ ಡಬ್ಬ ಪಾಲು ಮಾಡೋ ಮುಂಚೆನೇ ಇಡಿ, ಎರಡಕ್ಕೂ ಒಂದೇ ತಡ ಆಗ್ಲಿ, ಇಲ್ಲಾ ಎರಡೂ ದಾರಿ ಅದೇ ಡಬ್ಬದಿಂದ ಹೊರಡ್ಲಿ. ತಡ ಆಗೋ ಆಂಪಿಗೆ ತಗ್ಗು ಕತ್ತರಿಸಿದ್ರೂ ಸ್ವಲ್ಪ ಗುಣ ಆಗುತ್ತೆ.

ಎರಡನೇ ಆಂಪ್ ಚುಚ್ಚಿದ ತಕ್ಷಣ ಗುಂಯ್ ಅಂತ ಶುರು, ಅರ್ಥ್ ಪಿನ್ ಕಿತ್ತು ಹಾಕಿದ್ರೆ ನಿಲ್ಲುತ್ತೆ ಅಂತಾರೆ, ಹೌದಾ?

ನಿಲ್ಲುತ್ತೆ, ನಿಮ್ಮ ಉಸಿರೂ ನಿಲ್ಬೋದು. ಕಿತ್ತು ಹಾಕಬೇಡಿ.

ಆ ಗುಂಯ್ ನಮ್ಮ ಮೇನ್ಸಿನ 50 ಹರ್ಟ್ಜು ಮತ್ತೆ ಅದರ ಮರಿಗಳು. ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಜ್, ಹಂಗಾಗಿ ಈ ಗುಂಯ್ ಜೊತೆ ಜಿ ನುಡಿಸಿದ್ರೆ ಯಾರೋ ಶ್ರುತಿ ತಪ್ಪಿದೋನು ಪಕ್ಕದಲ್ಲಿ ಕೂತು ನುಡಿಸಿದ ಹಾಗೆ ಅಲುಗುತ್ತೆ, ಒಮ್ಮೆ ಕೇಳಿ ನೋಡಿ. ಎರಡು ಆಂಪ್ ಕರೆಂಟ್ ಬೋರ್ಡಲ್ಲಿ ಅರ್ಥಿಗೆ ಸೇರಿರ್ತವೆ, ನಿಮ್ಮ ಸಿಗ್ನಲ್ ವೈರಿನ ಹೊರಗಿನ ಜಾಲರಿ ಮೂಲಕ ಇನ್ನೊಂದ್ಸಲ ಸೇರ್ತವೆ, ಒಂದು ಬಳೆ ಥರ ದಾರಿ ಆಗುತ್ತೆ, ಅದರಲ್ಲಿ ಕರೆಂಟ್ ಸುತ್ತು ಹೊಡೆಯುತ್ತೆ. ಬಳೆ ಒಡೀಬೇಕಾದ್ದು ಸಿಗ್ನಲ್ ಕಡೆ. ಅದಕ್ಕೇ ಬಾಕ್ಸಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿ ಅಂದಿದ್ದು, ಸೌಂಡ್ ದಾಟುತ್ತೆ, ಜಾಲರಿಗಳು ಒಂದಕ್ಕೊಂದು ಮುಟ್ಟಲ್ಲ. ಬಾಕ್ಸಿಂದ ಒಂದು ಆಂಪಿನ ವೈರ್ ಕಿತ್ತು ನೋಡಿ, ಗುಂಯ್ ನಿಂತ್ರೆ ಇದೇ ರೋಗ, ನಿಲ್ಲದಿದ್ರೆ ಬೇಸಿನ ಪಿಕಪ್ಪಿಂದು ಅಥವಾ ವೈರಿಂದು.

ಪಿನ್ ವಿಷಯ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಒಂದು ಹಳೇ ಎಸ್ಟೇಟ್ ಬಂಗ್ಲೆ ಪಾರ್ಟಿ, ಒಂದು ಆಂಪ್ ಜಗಲಿ ಬೋರ್ಡಿಗೆ, ಇನ್ನೊಂದು ಅಡುಗೆಮನೆಯಿಂದ ಎಳೆದ ಎಕ್ಸ್‌ಟೆನ್ಷನ್ನಿಗೆ, ಮೈಕಿನವರದ್ದು ಮತ್ತೆಲ್ಲಿಂದಲೋ. ಸಾಕೆಟಲ್ಲಿ ಮೂರು ತೂತು ಇತ್ತು, ಆದ್ರೆ ಮೂರನೇದರ ಹಿಂದೆ ವೈರೇ ಇರ್ಲಿಲ್ಲ. ಈಗಿನ ಹಗುರ ಆಂಪುಗಳಲ್ಲಿ ಮೇನ್ಸ್ ಫಿಲ್ಟರ್ ಕೆಪಾಸಿಟರ್ ಇರ್ತವೆ, ಅರ್ಥ್ ಇಲ್ಲಾಂದ್ರೆ ಆಂಪಿನ ಮೈ ಮೇಲೆ ಅರ್ಧ ಮೇನ್ಸ್, ನೂರು ವೋಲ್ಟ್ ಮೇಲೆ ತೇಲ್ತಿರುತ್ತೆ, ಕರೆಂಟ್ ತೀರಾ ಕಮ್ಮಿ ಆದ್ರೂ ಅದು ಸೀದಾ ತಂತಿಗೆ ಬರುತ್ತೆ. ಕೋರಸ್ ಹಾಡೋಕೆ ಅಂತ ಬಾಗಿದೆ, ತುಟಿ ಮೈಕಿನ ಜಾಲರಿಗೆ ತಾಗ್ತು, ಚುರ್ರ್! ಹಲ್ಲು ಕೂಡ ಅಲ್ಲಾಡಿದ ಹಾಗಾಯ್ತು, ಕೈ ತಂತಿ ಮೇಲೇ ಇತ್ತಲ್ಲ. ಸಣ್ಣದ್ರಲ್ಲಿ ಹೋಯ್ತು, ಆಂಪ್ ಒಳಗೆ ನಿಜವಾಗ್ಲೂ ಶಾರ್ಟ್ ಆಗಿದ್ರೆ ಈ ಬರವಣಿಗೆ ಇರ್ತಿರ್ಲಿಲ್ಲ.

ಆಮೇಲಿಂದ ನನ್ನ ನಿಯಮ: ಎರಡೂ ಆಂಪ್, ಪೆಡಲ್ ಅಡಾಪ್ಟರ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಂದ, ಆ ಬಾಕ್ಸ್ ಒಂದೇ ಸಾಕೆಟಿಂದ, ಆಗುತ್ತೆ ಅಂದ್ರೆ ಮಿಕ್ಸರ್ ಎಲ್ಲಿಂದ ತಗೊಂಡಿದ್ದಾರೋ ಅಲ್ಲಿಂದಾನೇ. ಮಂಟಪಗಳಲ್ಲಿ ತ್ರೀ ಫೇಸ್ ಇರುತ್ತೆ, ಸ್ಟೇಜಿನ ಎಡಗಡೆ ಬೋರ್ಡ್ ಒಂದು ಫೇಸು ಬಲಗಡೆದು ಇನ್ನೊಂದು, ಇವೆರಡರ ನಡುವೆ 400 ವೋಲ್ಟ್ ಆಸುಪಾಸು ಇರುತ್ತೆ. ಸೌಂಡಿನ ಫೇಸ್ ತಪ್ಪಿದ್ರೆ ಬೇಸ್ ಹೋಗುತ್ತೆ, ಕರೆಂಟಿನ ಫೇಸ್ ತಪ್ಪಿದ್ರೆ ಬೇಸಿಸ್ಟೇ ಹೋಗ್ತಾನೆ ಅಂತ ನಮ್ಮ ಡ್ರಮ್ಮರ್ ಹೇಳ್ತಿರ್ತಾನೆ.

ಜನರೇಟರಲ್ಲಿ ಎರಡು ಆಂಪ್ ಓಡುತ್ತಾ?

ಓಡುತ್ತೆ. 500 ವ್ಯಾಟ್ ಅಂತ ಬರೆದಿರೋ ಆಂಪ್ ಹಾಡು ನುಡಿಸೋವಾಗ ಸರಾಸರಿ ಎಳೆಯೋದು ಅದರ ಸಣ್ಣ ಪಾಲು. ತೊಂದ್ರೆ ಕೊಡೋದು ಅದೇ ಜನರೇಟರಿಗೆ ಶಾಮಿಯಾನದವರು ಚುಚ್ಚಿರೋ ಫೋಕಸ್ ಲೈಟು, ಅಡುಗೆಯವರ ಗ್ರೈಂಡರು. ಜನರೇಟರ್ ಸ್ಟಾರ್ಟ್ ಆಗಿ ಉಸಿರು ಸಮ ಆದ ಮೇಲೆ ಆಂಪ್ ಆನ್ ಮಾಡಿ, ಅದು ನಿಲ್ಲೋ ಮುಂಚೆ ಆಫ್ ಮಾಡಿ. ಡೀಸೆಲ್ ಮುಗಿದು ಕೆಮ್ಮೋವಾಗ ವೋಲ್ಟೇಜ್ ಕುಣಿಯುತ್ತೆ. ಅದಕ್ಕಿಂತ ಭಯ ನ್ಯೂಟ್ರಲ್ ಕಟ್ಟಾಗೋದು, ಮಳೆಗಾಲದಲ್ಲಿ ಕೊಂಬೆ ಬಿದ್ದು ಲೈನ್ ಹರಿದ್ರೆ 230 ಇರ್ಬೇಕಾದ ಕಡೆ 300 ದಾಟಿ ಬರಬಹುದು. ಹೈ ವೋಲ್ಟೇಜ್ ಕಟ್ ಇರೋ ಸ್ಟೆಬಿಲೈಸರ್ ಒಂದು ಇಟ್ಕೊಳ್ಳಿ.

ಅಮೆರಿಕದಿಂದ ಮಾವ ತಂದ ಆಂಪಾದ್ರೆ ಚುಚ್ಚೋ ಮುಂಚೆ ಹಿಂದೆ ಓದಿ. 100-240 ಅಂತಿದ್ರೆ ಸರಿ. ಬರೀ 120 ಅಂತಿದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಬೇಡಿ, ಹೊಗೆ ಬರುತ್ತೆ.

ಓಮ್ ಲೆಕ್ಕ ತಲೆಗೆ ಹೋಗಲ್ಲ, ಸಿಂಪಲ್ಲಾಗಿ ಹೇಳಿ.

ಎರಡು ಆಂಪ್ ಎರಡು ಕ್ಯಾಬ್ ಅಂದ್ರೆ ಒಂದಕ್ಕೊಂದು, ಹಾಗಾಗಿ ಲೆಕ್ಕ ಸುಲಭ, ಆಂಪ್ ಹಿಂದೆ ಮಿನಿಮಮ್ 4 ಓಮ್ ಅಂತ ಬರೆದಿದ್ರೆ 4 ಅಥವಾ 8ರ ಕ್ಯಾಬ್ ಹಾಕಿ, 8 ಹಾಕಿದ್ರೆ ಪವರ್ ಹೆಚ್ಚು ಕಮ್ಮಿ ಅರ್ಧಕ್ಕಿಂತ ಚೂರು ಮೇಲೆ ಸಿಗುತ್ತೆ. ಒಂದೇ ಆಂಪಿಗೆ ಎರಡು ಕ್ಯಾಬ್ ಹಾಕೋವಾಗ ಮಾತ್ರ ಜೋಪಾನ: 8 ಮತ್ತು 8 ಸೇರಿದ್ರೆ 4, 8 ಮತ್ತು 4 ಸೇರಿದ್ರೆ 2.67, ಅದು 4 ಓಮ್ ಆಂಪಿಗೆ ಉಸಿರು ಕಟ್ಟಿಸುತ್ತೆ. ವಾಲ್ವ್ ಆಂಪಾದ್ರೆ (ಒಳಗೆ ಗಾಜಿನ ಟ್ಯೂಬ್ ಇರೋದು) ಓಮ್ ಸ್ವಿಚ್ ಸರಿಯಾಗಿ ಹೊಂದಿಸ್ಬೇಕು, ಕ್ಯಾಬ್ ಇಲ್ಲದೆ ಆನ್ ಮಾಡಿ ನುಡಿಸಲೇ ಬಾರದು, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ.

ಆಂಪಿಂದ ಕ್ಯಾಬಿಗೆ ಸ್ಪೀಕರ್ ವೈರೇ ಬೇಕು, ಗಿಟಾರ್ ವೈರ್ ಅಲ್ಲ. ನೋಡೋಕೆ ಜ್ಯಾಕ್ ಒಂದೇ ಥರ ಇರೋದೇ ದೊಡ್ಡ ಮೋಸ. ಸ್ಪೀಕಾನ್ ಸಾಕೆಟ್ (ತಿರುಗಿಸಿ ಲಾಕ್ ಮಾಡೋ, ಸ್ಪೀಕರಿಗೆ ಅಂತಾನೇ ಇರೋದು) ಇದ್ರೆ ಅದನ್ನೇ ಬಳಸಿ, ತಪ್ಪು ವೈರ್ ಹಾಕೋ ಪ್ರಶ್ನೆನೇ ಬರಲ್ಲ.

ಎರಡನೇದು ಗಿಟಾರ್ ಆಂಪ್ ಆಗ್ಬೋದಾ? ನಮ್ಮ ಹತ್ರ ಅದೇ ಇರೋದು.

ಆಗ್ಬೋದು, ಚೆನ್ನಾಗೂ ಇರುತ್ತೆ, ಬೇಸಿನ ಮೇಲಿನ ಗರಗರ ಗಿಟಾರ್ ಸ್ಪೀಕರಲ್ಲಿ ಬರೋ ರುಚಿಯೇ ಬೇರೆ. ಒಂದೇ ಷರತ್ತು, ತಗ್ಗು ಕತ್ತರಿಸಿ ಕೊಡಿ. ಗಿಟಾರ್ ಸ್ಪೀಕರಿನ ಕೋನ್ ಅಷ್ಟು ಹಿಂದೆ ಮುಂದೆ ಓಡಾಡೋಕೆ ಮಾಡಿದ್ದಲ್ಲ, ಹಿಂದೆ ತೆರೆದಿರೋ ಕಾಂಬೋ (ಆಂಪು ಸ್ಪೀಕರು ಒಂದೇ ಡಬ್ಬದಲ್ಲಿರೋದು) ಆದ್ರೆ ಇನ್ನೂ ಬೇಗ ಹರಿಯುತ್ತೆ. 150, 200 ಹರ್ಟ್ಜ್ ಕೆಳಗಿಂದನ್ನ ಇಕ್ಯೂ (ತಗ್ಗು ಎತ್ತರ ಹೊಂದಿಸೋ) ಪೆಡಲಲ್ಲಿ ಪೂರ್ತಿ ಇಳಿಸಿ. ಆಂಪಿನ ಬೇಸ್ ನಾಬ್ ಸೊನ್ನೆ ಮಾಡಿದ್ರೆ ಸಾಕು ಅಂದ್ಕೋಬೇಡಿ, ಅದು ಅಷ್ಟು ಕತ್ತರಿಸಲ್ಲ.

15 ಇಂಚಿಂದು ತಗ್ಗಿಗೆ, 10 ಇಂಚಿಂದು ಎತ್ತರಕ್ಕೆ, ಅಲ್ವಾ?

ಎಲ್ಲರೂ ಹಾಗೇ ಹೇಳ್ತಾರೆ. ತಗ್ಗು ಎಷ್ಟು ಇಳಿಯುತ್ತೆ ಅನ್ನೋದು ಇಂಚಿನ ಮೇಲೆ ಮಾತ್ರ ನಿಂತಿಲ್ಲ, ಡಬ್ಬದ ಅಳತೆ, ಪೋರ್ಟ್ (ಡಬ್ಬದ ಗಾಳಿ ತೂತು), ಸ್ಪೀಕರಿನ ಗುಣ ಎಲ್ಲ ಸೇರುತ್ತೆ. 1969ರಲ್ಲಿ ಆಂಪೆಗ್ ಕಂಪನಿ ತಂದ ಎಸ್‌ವಿಟಿ ನೆನೆಸ್ಕೊಳ್ಳಿ, 300 ವ್ಯಾಟ್ ವಾಲ್ವ್ ಆಂಪು, ಅದರ ಜೊತೆಗೆ ಬಂದು ಹೆಸರು ಮಾಡಿದ್ದು 10 ಇಂಚಿನ ಎಂಟು ಸ್ಪೀಕರ್ ಇರೋ ಕ್ಯಾಬು, ಅದನ್ನ ಕೇಳಿ ಯಾರೂ ಬೇಸ್ ಕಮ್ಮಿ ಅಂದಿಲ್ಲ. ಎತ್ತಿದೋರು ಬೇರೆ ಏನೋ ಅಂದಿರ್ತಾರೆ, ಈಗಿನದೂ ಅರವತ್ತು ಕೇಜಿ ಆಸುಪಾಸು ಇದೆ.

ಬೇರೆ ಬೇರೆ ಥರದ ಎರಡು ಕ್ಯಾಬ್ ಇದ್ರೆ ಎರಡು ಆಂಪ್ ಇರೋದು ಲಾಭವೇ, ಒಂದು ಜೋರಾಗಿ ಒಂದು ಮೆತ್ತಗಿದ್ರೆ ವಾಲ್ಯೂಮಲ್ಲೇ ಸಮ ಮಾಡ್ಬೋದು.

ಕ್ಯಾಬ್ ಹೇಗೆ ಇಡೋದು, ಸ್ಟೇಜಿನ ಆ ತುದಿಗೊಂದು ಈ ತುದಿಗೊಂದು ಸ್ಟೀರಿಯೋ ಥರ?

ಬೇಡ. ಫೋಟೋಗೆ ಚೆಂದ ಅಷ್ಟೆ. ಶಬ್ದ 1 ಮಿಲಿಸೆಕೆಂಡಿಗೆ ಓಡೋದು ಸುಮಾರು 34 ಸೆಂಟಿಮೀಟರ್, ಆರು ಮೀಟರ್ ದೂರ ಇಟ್ರೆ ಒಬ್ಬೊಬ್ಬರು ಕೂತ ಜಾಗದಲ್ಲಿ ಒಂದೊಂದು ಸ್ವರ ಮಾಯ. ಒಂದರ ಮೇಲೊಂದು ಇಡಿ, ಕ್ಲೀನ್ ಕ್ಯಾಬ್ ಕೆಳಗೆ ನೆಲದ ಮೇಲೆ, ಕೊಳಕು ಕ್ಯಾಬ್ ಮೇಲೆ ಕಿವಿ ಮಟ್ಟಕ್ಕೆ. ಮೊಣಕಾಲಿಗೆ ಕಿವಿ ಇಲ್ಲ, ಎಲ್ಲರೂ ಡ್ರೈವ್ ಕೇಳಲ್ಲ ಅಂತ ಏರಿಸಿ ಏರಿಸಿ ಮುಂದಿನ ಸಾಲಿನ ಅಜ್ಜಿಯಂದಿರ ಕಿವಿ ತೂತು ಮಾಡ್ತಾರೆ.

ಹಲಗೆ ಸ್ಟೇಜಾದ್ರೆ ಕೆಳಗೆ ಟೊಳ್ಳು, ಇಡೀ ಸ್ಟೇಜೇ ಡ್ರಮ್ ಆಗುತ್ತೆ. ನಾನು ಹಳೇ ಫೋಮ್ ಹಾಸಿಗೆ ಕತ್ತರಿಸಿದ ತುಂಡು ಹಾಕ್ತೀನಿ. ಕಾಫಿ ಗೋಣಿ ನಾಲ್ಕು ಮಡಚಿ ಹಾಕಿ ನೋಡಿದ್ದೆ, ಏನೂ ಉಪಯೋಗ ಇಲ್ಲ, ಕ್ಯಾಬ್ ಜಾರೋದು ಮಾತ್ರ ನಿಂತಿತು.

ಸೌಂಡಿನವರು ಒಂದೇ ಲೈನ್ ಕೊಡಿ ಅಂತಾರೆ.

ಕೊಡಿ, ಜಗಳ ಬೇಡ, ಕ್ಲೀನ್ ಆಂಪಿನ ಡಿಐ ಔಟ್ (ಮಿಕ್ಸರಿಗೆ ನೇರ ಹೋಗೋ ಲೈನು) ಕೊಡಿ. ಎರಡು ತಗೊಳ್ಳೋ ಪುಣ್ಯಾತ್ಮ ಸಿಕ್ಕಿದ್ರೆ ಕ್ಲೀನಿಂದ ಡಿಐ, ಕೊಳಕು ಕ್ಯಾಬಿಗೆ ಮೈಕ್. ಡ್ರೈವ್ ಪೆಡಲಿಂದ ನೇರ ಲೈನ್ ಕೊಟ್ರೆ ಸ್ಪೀಕರ್ ಮಧ್ಯೆ ಇಲ್ಲದೆ ಸೊಳ್ಳೆ ಕೂಗಿದ ಹಾಗೆ ಬರುತ್ತೆ. ಮಿಕ್ಸರಲ್ಲೂ ಎರಡು ಚಾನೆಲ್ ಒಟ್ಟಿಗೆ ಏರಿಸಿ ಫೇಸ್ ಬಟನ್ ಒತ್ತಿ ನೋಡೋಕೆ ಹೇಳಿ, ಸ್ಟೇಜ್ ಮೇಲೆ ಸರಿ ಮಾಡಿದ್ದು ಅಲ್ಲಿ ಮತ್ತೆ ತಪ್ಪಬಹುದು. ಇನ್ನು ಬ್ಯಾಂಡ್ ಆದ ಮೇಲೆ ವಾಲಗದವರು ಬರ್ತಾರೆ, ಅವರಿಗೆ ಒಂದು ಲೈನೂ ಬೇಡ, ನಾವು ಎರಡು ಆಂಪಲ್ಲಿ ಎಬ್ಬಿಸೋಕಾಗದ ಜನಾನ ಎರಡು ನಿಮಿಷದಲ್ಲಿ ಎಬ್ಬಿಸಿ ಕುಣಿಸ್ತಾರೆ.

ಮಳೆಗಾಲದಲ್ಲಿ ಏನ್ ಮಾಡ್ತೀರಿ?

ಜೂನಿಂದ ಸೆಪ್ಟೆಂಬರ್ ತನಕ ಪ್ರೋಗ್ರಾಮೂ ಕಮ್ಮಿ, ಆದ್ರೆ ಆಂಪ್ ಹಾಳಾಗೋದು ಆವಾಗ್ಲೇ. ಕ್ಯಾಬಿನ ರೆಕ್ಸಿನ್ ಮೇಲೆ ಬೂಷ್ಟು ಬರುತ್ತೆ, ಕಾಗದದ ಕೋನ್ ತೇವ ಎಳ್ಕೊಂಡು ಮೆತ್ತಗಾಗುತ್ತೆ, ಜ್ಯಾಕ್ ಸಾಕೆಟ್ ಹಸಿರು ಹಿಡಿದು ಕರಕರ ಅನ್ನುತ್ತೆ. ನೆಲಕ್ಕೆ ತಾಗಿಸಿ ಇಡಬೇಡಿ, ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು. ಪ್ಲಾಸ್ಟಿಕ್ ಸುತ್ತಿದ್ರೆ ಒಳಗಿನ ತೇವ ಒಳಗೇ, ಹಳೇ ಬೆಡ್‌ಶೀಟ್ ಸಾಕು. ವಾರಕ್ಕೊಂದ್ಸಲ ಎರಡೂ ಆನ್ ಮಾಡಿ ಅರ್ಧ ಗಂಟೆ ನುಡಿಸಿ, ಅದರ ಬಿಸಿಗೇ ಒಣಗುತ್ತೆ. ನಮ್ಮಲ್ಲಿ ಕಾಫಿ ಬೀಜ ತೇವ ಹಿಡೀತಾ ಅಂತ ದಿನಾ ಗೋಡೌನ್ ನೋಡೋರು ಅದೇ ಮೂಲೇಲಿ ಆಂಪ್ ಇಟ್ಟು ಆರು ತಿಂಗಳು ಮರೀತಾರೆ.

ಐದು ತಂತಿ ಬೇಸಿಗೆ ಇದು ಬೇಕೇ ಬೇಕಾ? ಹೋಮ್‌ಸ್ಟೇನವರು ಬೇಸ್ ಕಮ್ಮಿ ಮಾಡಿ ಅಂತ ಬೈತಾರೆ.

ಬೇಕೇ ಬೇಕು ಅಂತಿಲ್ಲ. ಹೋಮ್‌ಸ್ಟೇನವರು ಹೇಳೋದು ಸರಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹೊರಗೆ ಸೌಂಡ್ ಹಾಕೋ ಹಾಗಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು. ತಗ್ಗಿನ ಸ್ವರ ಕಣಿವೆ ದಾಟಿ ಆಚೆ ಮನೆಗೂ ಹೋಗುತ್ತೆ. ಎರಡು ಆಂಪಿನ ಒಂದು ಸುಖ ಇಲ್ಲಿದೆ, ಹೊತ್ತಾದ ಮೇಲೆ ಕೆಳಗಿನ ಕ್ಲೀನ್ ಆಂಪ್ ಇಳಿಸಿ ಮೇಲಿಂದು ಹಾಗೇ ಬಿಟ್ರೆ ಸ್ವರ ಗೊತ್ತಾಗುತ್ತೆ, ಗೋಡೆ ನಡುಗಲ್ಲ. ಕಾಡಂಚಿನ ಜಾಗದಲ್ಲಿ ಇನ್ನೊಂದು ಯೋಚನೆ ಬರುತ್ತೆ ನಂಗೆ, ಆನೆಗಳು ತಮ್ಮೊಳಗೆ ಮಾತಾಡೋದು 14ರಿಂದ 24 ಹರ್ಟ್ಜಲ್ಲಿ, ನಮ್ಮ ಐದನೇ ತಂತಿ 31. ಬೇಲಿ ಆಚೆ ನಿಂತೋರಿಗೆ ಅದು ಏನು ಅಂತ ಕೇಳುತ್ತೋ, ಬೈಗುಳ ಆಗದಿದ್ರೆ ಸಾಕು.

ಅಷ್ಟೆಲ್ಲ ದುಡ್ಡಿಲ್ಲ, ಬೇರೆ ದಾರಿ?

ಬ್ಲೆಂಡ್ ನಾಬ್ ಇರೋ ಬೇಸ್ ಓವರ್‌ಡ್ರೈವ್ ಪೆಡಲ್ ಒಂದು ತಗೊಳ್ಳಿ, ಕ್ಲೀನೂ ಕೊಳಕೂ ಅದರೊಳಗೇ ಬೆರೆಯುತ್ತೆ, ಒಂದೇ ಆಂಪಲ್ಲಿ ಎಪ್ಪತ್ತು ಪರ್ಸೆಂಟ್ ಕೆಲಸ ಆಗುತ್ತೆ. ಸತ್ಯ ಹೇಳಬೇಕಂದ್ರೆ ಕೇಳೋರಲ್ಲಿ ಮುಕ್ಕಾಲು ಜನಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತೆ, ಅದಕ್ಕೇ ಹೊರ್ತೀನಿ.

ಮಧ್ಯದಲ್ಲಿ ಒಂದು ಆಂಪ್ ಕೈಕೊಟ್ರೆ?

ಇನ್ನೊಂದು ಇದೆಯಲ್ಲ! ಕ್ಲೀನ್ ಆಂಪ್ ಹೋದ್ರೆ ಮಾತ್ರ ಕಷ್ಟ, ಇರೋದಕ್ಕೆ ತಗ್ಗು ಕತ್ತರಿಸಿ ಕೊಟ್ಟಿರ್ತೀವಿ, ಹಾಗಾಗಿ ಆ ಕಟ್ ಒಂದು ಕಾಲಲ್ಲಿ ಒತ್ತಿ ಆಫ್ ಮಾಡೋ ಹಾಗಿರಲಿ. ಮೇಲಿಂದು ಗಿಟಾರ್ ಆಂಪಾದ್ರೆ ಅದನ್ನ ಒತ್ತಬೇಡಿ, ಬೇಸನ್ನ ಡಿಐ ಬಾಕ್ಸಿಗೆ ಹಾಕಿ ಸೌಂಡಿನವರಿಗೆ ಕೊಡಿ. ಹೋದ ವರ್ಷ ಸಿದ್ದಾಪುರ ಕಡೆ ಒಂದು ರಿಸೆಪ್ಷನ್ನಲ್ಲಿ ಕೆಳಗಿಂದು ಟಪ್ ಅಂತ ಆರಿಹೋಯ್ತು, ನಾನು ಕಟ್ ತೆಗೆದು ಮೇಲಿನ ಆಂಪಲ್ಲೇ ಮೂರು ಹಾಡು ಮುಗಿಸ್ದೆ, ಡ್ರಮ್ಮರಿಗೂ ಗೊತ್ತಾಗ್ಲಿಲ್ಲ. ಆಮೇಲೆ ಬಗ್ಗಿ ನೋಡಿದ್ರೆ ಆಂಪಿಗೆ ಏನೂ ಆಗಿರ್ಲಿಲ್ಲ, ಯಾರೋ ಫೋನ್ ಚಾರ್ಜಿಗೆ ಹಾಕೋಕೆ ನನ್ನ ಪ್ಲಗ್ ಕಿತ್ತಿದ್ರು.